ಏಳನೆಯ ಷರತ್ತು

ನನಗೊಂದು ಕೆಟ್ಟ ಚಟವಿದೆ. ಎಲೆ-ಅಡಿಕೆ, ನಶ್ಯ, ಇಸ್ಪೀಟು ಇಂಥವಾಗಿದ್ದರೆ ಮನೆಯವರು ಎಂದೋ ಕ್ಷಮಿಸುತ್ತಿದ್ದರು. ನನ್ನದು ಬೇರೆ. ಅಚ್ಚಾದ ಸೂಚನೆ ಯಾವುದೇ ಇರಲಿ, ಅದು ಕೈಗೆ ಸಿಕ್ಕರೆ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಲೇಬೇಕು. ಕೆಮ್ಮಿನ ಔಷಧದ ಬಾಟಲಿ, ಸ್ಟೋವಿನ ಜೊತೆ ಬಂದ ಕಾಗದ, ಬಸ್ಸಿನ ಟಿಕೀಟಿನ ಬೆನ್ನು, ಯಾವುದನ್ನೂ ಬಿಡುವುದಿಲ್ಲ. ನಡುವೆ ಯಾರಾದರೂ ಮಾತಾಡಿದರೋ, ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ.

ಮೊನ್ನೆ ನನ್ನ ಹೆಂಡತಿ ಚಮಚ ಹಿಡಿದು ನಿಂತೇ ಇದ್ದಳು. ನಾನು ಬಾಟಲಿ ತಿರುಗಿಸುತ್ತ "ಬಿಸಿಲಿಗೆ ಇಡಬಾರದು, ಚೆನ್ನಾಗಿ ಅಲುಗಾಡಿಸಬೇಕು" ಎಂದು ಓದುತ್ತಿದ್ದೆ.

"ಮುಗೀತೇನ್ರಿ ಪಾರಾಯಣ?" ಎಂದಳು.

"ತಡಿ, ನಡುವ ಮಾತಾಡಿದಿ. ಮತ್ತ ಮೊದಲಿಂದ ಓದಬೇಕು."

"ಓದ್ರಿ, ಓದ್ರಿ. ಅಷ್ಟರಾಗ ಕೆಮ್ಮು ತಾನ ಬ್ಯಾಸತ್ತು ಎದ್ದು ಹೋಗತೈತಿ."

ಅವಳು ಇದನ್ನು ಮುಪ್ಪಿನ ಅರುಳು ಅಂದುಕೊಂಡಿದ್ದಾಳೆ. ಹಾಗೆಯೇ ಅಂದುಕೊಳ್ಳಲಿ ಎಂದು ಸುಮ್ಮನಿದ್ದೇನೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ನಿಜಾಮರ ಆಳ್ವಿಕೆಯ ಕೊನೆಕೊನೆಯ ವರ್ಷಗಳಲ್ಲಿ, ಸಿಂಧನೂರಿನಲ್ಲಿ, ನಾನು ಒಮ್ಮೆ ನಲವತ್ತು ಮನೆಯವರನ್ನು ಕೂಡಿಸಿ ಒಂದು ಕಾಗದ ಓದಿ ಹೇಳಿದೆ. ಅದರಲ್ಲಿ ಹನ್ನೊಂದು ಷರತ್ತುಗಳಿದ್ದವು. ಏಳನೆಯದನ್ನು ಓದಿದೆನೋ, ಬಿಟ್ಟೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅದರಿಂದ ಒಬ್ಬ ಮನುಷ್ಯ ಸತ್ತ.

ಗೊತ್ತಿಲ್ಲ ಎಂದು ಹೇಳುವುದು ನನಗೆ ಕಷ್ಟದ ಕೆಲಸವಲ್ಲ. ಅದನ್ನು ಫೀಸು ಕಟ್ಟಿ ಕಲಿತವನು ನಾನು. ಹೈದರಾಬಾದಿನಲ್ಲಿ ನಮಗೆ ಉರ್ದುವಿನಲ್ಲಿ ತರ್ಕ ಕಲಿಸುತ್ತಿದ್ದ ಮಾಸ್ತರರೊಬ್ಬರಿದ್ದರು. ಯಾರು ಏನು ಹೇಳಿದರೂ ಕನ್ನಡಕ ಹಣೆಗೇರಿಸಿ ಒಂದೇ ಪ್ರಶ್ನೆ: "ನಿಮಗೆ ಹೇಗೆ ಗೊತ್ತು?" ನಾನು ಮಸ್ಕಿಯವನು ಎಂದರೂ ಅದೇ ಪ್ರಶ್ನೆ. ಪದವಿ ಮುಗಿಯುವ ಹೊತ್ತಿಗೆ ದೇವರು, ಆತ್ಮ, ನಾಳೆ ಸೂರ್ಯ ಹುಟ್ಟುವುದು ಎಲ್ಲದರ ಮೇಲೂ ಸಂಶಯಪಡುವಷ್ಟು ತಯಾರಾಗಿದ್ದೆ. ನನ್ನ ಮೇಲೆಯೇ ಸಂಶಯಪಡುವುದು ಮಾತ್ರ ಆ ಪಾಠದಲ್ಲಿ ಇರಲಿಲ್ಲ. ಅದಕ್ಕೆ ಸಿಂಧನೂರಿಗೇ ಬರಬೇಕಾಯಿತು.

ಮಸ್ಕಿಯ ಹೆಸರು ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ನಮ್ಮೂರ ಗುಡ್ಡದ ಬಂಡೆಯ ಮೇಲೆ ಯಾವುದೋ ಕಾಲದ ರಾಜನ ಆಜ್ಞೆ ಕೆತ್ತಿದೆ. ದೊಡ್ಡ ದೊಡ್ಡ ವಿದ್ವಾಂಸರು ಬಂದು ಅದರ ಮೇಲೆ ಕಾಗದ ಒತ್ತಿ ಅಚ್ಚು ತೆಗೆದುಕೊಂಡು ಹೋಗುತ್ತಿದ್ದರು. ನಾವು ಹುಡುಗರು ಅದರ ನೆರಳಲ್ಲಿ ಕೂತು ಹುಣಸೆ ಚಿಗುರು ತಿನ್ನುತ್ತಿದ್ದೆವು. ಅದರಲ್ಲಿ ಏನು ಬರೆದಿದೆ ಎಂದು ಅಜ್ಜನನ್ನು ಕೇಳಿದರೆ, "ಓದಾಕ ಬರದಿದ್ದದ್ದ ಚಲೋ ಆತು ಬಿಡಲೇ. ಓದಾಕ ಬಂದಿದ್ರ ಅದರಂಗ ನಡಕೋಬೇಕಾಗತಿತ್ತು" ಎನ್ನುತ್ತಿದ್ದ. ಅಜ್ಜ ನಿರಕ್ಷರಿ. ನಾನು ಬಿ.ಎ. ಇಬ್ಬರಲ್ಲಿ ಯಾರಿಗೆ ಹೆಚ್ಚು ತಿಳಿದಿತ್ತು ಎಂಬುದನ್ನು ನಾನು ಈಗೀಗ ಯೋಚಿಸುವುದನ್ನೇ ಬಿಟ್ಟಿದ್ದೇನೆ.

ಆಗ ನಮ್ಮ ಮನೆಯ ಬೆಳಕೆಂದರೆ ಒಂದು ಕಂದೀಲು. ದಿನಾ ಸಂಜೆ ಅದರ ಗಾಜನ್ನು ಬೂದಿ ಹಾಕಿ ಒರೆಸುವ ಕೆಲಸ ನನ್ನದು. ಮನೆಯಲ್ಲಿ ಆ ಗಾಜಿನೊಳಗೆ ಹೋಗುವಷ್ಟು ಸಣ್ಣ ಕೈ ನನ್ನೊಬ್ಬನದೇ. ಈ ಅಧಿಕಾರ ನನಗೆ ಬಹಳ ಹೆಮ್ಮೆಯದಾಗಿತ್ತು. ಒಂದು ಸಂಜೆ ಕೈ ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಅವ್ವ ಎಣ್ಣೆ ಸುರಿದು, ಬೈದು, ಕಡೆಗೆ ಗಾಜು ಒಡೆದು ನನ್ನನ್ನು ಬಿಡಿಸಿದಳು. ಆ ರಾತ್ರಿ ಕತ್ತಲಲ್ಲಿ ಉಂಡೆವು. "ದೊಡ್ಡಾಂವ ಆದಿ ಮಗನ, ಇನ್ನ ನೀ ಯಾತಕ್ಕೂ ಬರಂಗಿಲ್ಲ" ಎಂದಳು ಅವ್ವ. ಬೇಸರದಲ್ಲಿ ಅಂದ ಮಾತು. ಆದರೂ ಅವಳ ಮಾತು ಸುಳ್ಳಾದದ್ದನ್ನು ನಾನು ನೋಡಿಲ್ಲ.

ಓದು ಮುಗಿಸಿ ಬಂದವನಿಗೆ ಸಿಂಧನೂರಿನ ಒಂದು ಹತ್ತಿ ಗಿರಣಿಯಲ್ಲಿ ಮುನ್ಷಿಯ ಕೆಲಸ ಸಿಕ್ಕಿತು. ಗಿರಣಿಗೆ ದೊಡ್ಡದೊಂದು ಎಣ್ಣೆ ಎಂಜಿನು ಇತ್ತು. ಹಗಲೆಲ್ಲ ಅದು ಹತ್ತಿ ಬಿಡಿಸುವ ಯಂತ್ರಗಳನ್ನು ತಿರುಗಿಸುತ್ತಿತ್ತು. ಸಂಜೆ ಅದರ ಚರ್ಮದ ಪಟ್ಟೆಯನ್ನು ತಪ್ಪಿಸಿ ಡೈನಮೋಗೆ ಹಾಕುತ್ತಿದ್ದರು. ಆಗ ಕಚೇರಿಗಳಿಗೆ, ಬಜಾರಿನ ಅಂಗಡಿಗಳಿಗೆ, ಸಾಹುಕಾರರ ಹತ್ತಾರು ಮನೆಗಳಿಗೆ ದೀಪ ಬರುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ಎಂಜಿನು ನಿಲ್ಲುತ್ತಿತ್ತು, ಊರು ಮತ್ತೆ ಕಂದೀಲಿಗೆ ಬರುತ್ತಿತ್ತು. ಈ ದೀಪಗಳ ದಫ್ತರವೇ ನನ್ನ ಪಾಲಿಗೆ ಬಂದದ್ದು. ಸಂಶಯವಾದಿಗೆ ಬೆಳಕಿನ ಖಾತೆ! ಗೆಳೆಯರಿಗೆ ಕಾಗದ ಬರೆದು ನಗಿಸಿದ್ದೆ.

ಗಿರಣಿಯ ಹಿಂದುಗಡೆ, ಹತ್ತಿಕಾಳಿನ ರಾಶಿಗೂ ಹಳ್ಳಕ್ಕೂ ನಡುವೆ, ಸುಮಾರು ನಲವತ್ತು ಗುಡಿಸಲುಗಳಿದ್ದವು. ಹಿಂದಿನ ಓಣಿ ಎಂದು ಅದಕ್ಕೆ ಹೆಸರು. ಮಣ್ಣಿನ ಗೋಡೆ, ಜೋಳದ ಕಣಿಕೆಯ ಮಾಡು. ಮಸ್ಕಿ, ತುರ್ವಿಹಾಳದ ಕಡೆಯಿಂದ ಹತ್ತಿಯ ಸುಗ್ಗಿಗೆಂದು ಕೂಲಿಗೆ ಬಂದವರು ಅಲ್ಲೇ ಉಳಿದುಬಿಟ್ಟಿದ್ದರು. ಗಂಡಸರು ಹತ್ತಿ ತುಂಬಿದ ಅಂಡಿಗೆ ಹೊರುತ್ತಿದ್ದರು. ಹೆಂಗಸರು ಯಂತ್ರಕ್ಕೆ ಹತ್ತಿ ಉಣಿಸುತ್ತಿದ್ದರು. ಸಂಜೆ ಅವರು ಹೊರಗೆ ಬಂದರೆ ಹರೆಯದ ಹೆಣ್ಣುಮಕ್ಕಳಿಗೂ ಅರಳೆ ಮೆತ್ತಿ ತಲೆ ನರೆತಂತೆ ಕಾಣುತ್ತಿತ್ತು. ಬಜಾರಿಗೆ ಹೋಗುವ ನಮ್ಮ ತಂತಿ ಈ ಓಣಿಯ ಮೇಲೆಯೇ ಹಾದುಹೋಗುತ್ತಿತ್ತು. ಓಣಿಯಲ್ಲಿ ಮಾತ್ರ ಕತ್ತಲೆ. ಅಂದರೆ, ದಫ್ತರದ ಪ್ರಕಾರ ಕತ್ತಲೆ.

ನಿಜದಲ್ಲಿ ಅಲ್ಲಿ ಮನೆಮನೆಗೂ ಒಂದು ಬಿದಿರಿನ ಗಳ, ಅದರ ತುದಿಗೆ ಬಾಗಿಸಿದ ತಂತಿಯ ಕೊಕ್ಕೆ. ಎಂಜಿನಿನ ಸದ್ದು ಬದಲಾದದ್ದೇ ತಡ, ಕೊಕ್ಕೆಗಳು ಮೇಲೇಳುತ್ತಿದ್ದವು. ಇದನ್ನು ಓಣಿಗೆ ಕಲಿಸಿದವನು ದ್ಯಾವಪ್ಪ ಎಂಬ ಹಮಾಲಿ. ಎರಡಾಳಿನ ಭಾರ ಒಬ್ಬನೇ ಹೊರುವ ಆಳು. ಬಾಯಿ ಅದಕ್ಕಿಂತ ಬಲ. ನಾನು ಹೊಸದಾಗಿ ತನಿಖೆಗೆ ಹೋದಾಗ ಅವನು ಗಳ ಬಚ್ಚಿಡುವ ಗೋಜಿಗೂ ಹೋಗಲಿಲ್ಲ.

"ಇದು ಕಳ್ಳತನ, ದ್ಯಾವಪ್ಪ," ಎಂದೆ.

"ತಂತಿ ನಿಮ್ದು, ಖರೆ ಐತ್ರಿ ಸಾಹೇಬ್ರ. ಆದ್ರ ಅದು ನಮ್ಮ ತಲಿ ಮ್ಯಾಲಿಂದ ಹೊಂಟೈತಿ. ನಿಮ್ಮ ಎಮ್ಮಿ ನಮ್ಮ ಅಂಗಳದಾಗ ಹಾದು ಹೋದ್ರ, ಹೇಳ್ರಿ, ಸಗಣಿ ಯಾರದು?"

ಮೂರು ವರ್ಷದ ತರ್ಕಶಾಸ್ತ್ರ ನನ್ನ ಬೆನ್ನಿಗಿತ್ತು. ಆದರೂ ನಾನು ದಫ್ತರ ಬಿಚ್ಚಿ ಗಳಗಳನ್ನು ಎಣಿಸತೊಡಗಿದೆ. ಅವನ ಹೆಂಡತಿ ಹನುಮವ್ವ ರೊಟ್ಟಿ ಬಡಿಯುತ್ತ ಒಳಗಿನಿಂದಲೇ ಹೇಳಿದಳು: "ಇಂವನ ಮಾತು ಕೇಳಬ್ಯಾಡ್ರಿ. ನನಗ ಈ ಬೆಳಕು ಬ್ಯಾಡಾಗೈತಿ. ಕದ್ದ ಬೆಳಕಿನಾಗ ಬಡದ್ರ ರೊಟ್ಟೀನೂ ಕದ್ದಂಗ ಅನಸತೈತಿ. ಕಾಯದೇಶೀರ ಕೊಡ್ರಿ. ನನ್ನ ಹೆಸರಿಲೆ ಒಂದು ಕಾಗದ ಕೊಡ್ರಿ."

"ಕಾಗದ ಸುಟ್ರ ಬೆಳಕಾಗತೈತೇನಬೇ?" ಎಂದ ದ್ಯಾವಪ್ಪ.

"ನೀ ಸುಮ್ಮನಿರು. ಕಾಗದ ಇದ್ರ ನಾವು ಇಲ್ಲಿ ಅದೀವಿ ಅಂತ ಆಗತೈತಿ."

ಅವಳ ಮಾತಿನ ತೂಕ ನನಗೆ ಆಗ ಹೊಳೆಯಲಿಲ್ಲ. ಓಣಿಯ ಒಬ್ಬರ ಹತ್ತಿರವೂ ತಾವು ಅಲ್ಲಿ ವಾಸವಾಗಿದ್ದೇವೆ ಎನ್ನುವ ಒಂದು ಚೀಟಿ ಇರಲಿಲ್ಲ. ಗಿರಣಿಯ ಯಜಮಾನರು ಏಳಿ ಎಂದರೆ ಏಳಬೇಕು. ದೀಪದ ಕಾಗದ ಬಂದರೆ, ಅದರಲ್ಲಿ ಹೆಸರಿರುತ್ತದೆ, ಮನೆಯ ಗುರುತು ಇರುತ್ತದೆ, ಮೊಹರು ಇರುತ್ತದೆ. ಅವಳು ಕೇಳುತ್ತಿದ್ದದ್ದು ದೀಪಕ್ಕಿಂತ ಹೆಚ್ಚಿನದನ್ನು.

ಆ ಬೇಸಿಗೆಯ ಗಾಳಿಗೆ ಎರಡು ಕೊಕ್ಕೆಗಳು ತಗುಲಿ ಕಿಡಿ ಹಾರಿ ಮೂರು ಮಾಡುಗಳು ಸುಟ್ಟವು. ಜೀವ ಹೋಗಲಿಲ್ಲ, ಒಂದು ಕರು ಹೋಯಿತು. ಬೆಂಕಿ ಹತ್ತಿಯ ರಾಶಿಯ ಹತ್ತಿರದವರೆಗೂ ಬಂದಿತ್ತಾದ್ದರಿಂದ ಯಜಮಾನರಿಗೆ ಮೊದಲ ಬಾರಿ ಓಣಿಯ ನೆನಪಾಯಿತು. ಕಿತ್ತು ಹಾಕಿ ಎಂದರು. ಲೈನಿನ ಕೆಲಸ ನೋಡುತ್ತಿದ್ದ ಖಾದರ್ ಮಿಸ್ತ್ರಿ, ನಾನು, ಇಬ್ಬರೂ ಅವರ ಮುಂದೆ ಹೋಗಿ ನಿಂತೆವು. ಖಾದರ್ ಟೊಪ್ಪಿಗೆ ಕೈಯಲ್ಲಿ ಹಿಡಿದು ಹೇಳಿದ: "ಗ್ವಾಡಿ ಹಾರಿ ಬರೂದು ಬಂದ್ ಆಗಬೇಕಂದ್ರ, ಹುಜೂರ್, ಒಂದು ದರವಾಜಾ ಇಡಬೇಕ್ರಿ." ನಾನು ಅದನ್ನೇ ಮೂರು ಪುಟದ ಉರ್ದು ಅರ್ಜಿ ಮಾಡಿದೆ. ಒಳ್ಳೆಯ ಅರ್ಜಿ. ಬರೆದು ಮುಗಿಸಿ ಎರಡು ಸಲ ಓದಿ ನಾನೇ ಮೆಚ್ಚಿಕೊಂಡೆ.

ಅದು ಮಂಜೂರಾಯಿತು. ಮನೆಗೊಂದು ದೀಪ, ಅದನ್ನು ಹಚ್ಚಿ ಆರಿಸಲು ಗೋಡೆಯಲ್ಲಿ ಹಿತ್ತಾಳೆಯ ಮುಚ್ಚಳವಿದ್ದ ಒಂದು ಗುಂಡಿ, ಮೊಹರು ಹಾಕಿದ ಒಂದು ಕಾಗದ. ಜೊತೆಗೆ ಉರ್ದುವಿನಲ್ಲಿ ಅಚ್ಚಾದ ಹನ್ನೊಂದು ಷರತ್ತು. ಓಣಿಯಲ್ಲಿ ಉರ್ದು ಬಲ್ಲವರು ಇರಬಹುದು, ಓದಬಲ್ಲವರು ಇರಲಿಲ್ಲ. ಒಂದೊಂದನ್ನೂ ಓದಿ, ಕನ್ನಡದಲ್ಲಿ ತಿಳಿಸಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕೆಂದು ನನಗೆ ಹುಕುಮಾಯಿತು.

ಇಲ್ಲಿಂದ ಮುಂದೆ ಹುಷಾರಾಗಿ ನಡೆಯಬೇಕು, ಯಾಕೆಂದರೆ ನನ್ನ ಕಾಲ ಕೆಳಗಿನ ನೆಲ ಗಟ್ಟಿಯಿಲ್ಲ. ನಾವೆಲ್ಲ ಬೇವಿನ ಮರದ ಕೆಳಗೆ ಕೂತಿದ್ದೆವು ಎಂದು ನನಗೆ ನಿಚ್ಚಳ ನೆನಪು. ಆ ಓಣಿಯಲ್ಲಿ ಬೇವಿನ ಮರವೇ ಇರಲಿಲ್ಲ, ಜಾಲಿ ಇತ್ತು ಎಂದು ಖಾದರ್ ಆಮೇಲೊಮ್ಮೆ ಹೇಳಿದ. ಆಗಲಿ, ಜಾಲಿಯೇ ಇರಲಿ. ಮುಂದೆ ಹೆಂಗಸರು, ಹಿಂದೆ ಗಂಡಸರು. ನಾನು ಒಂದು ಡಬ್ಬದ ಮೇಲೆ. ಐದು ಷರತ್ತುಗಳು ಶಾಂತವಾಗಿ ದಾಟಿದವು. ಆರನೆಯದು, ಕಂಬಕ್ಕೆ ಯಾವ ಪ್ರಾಣಿಯನ್ನೂ ಕಟ್ಟಕೂಡದು.

ಹಿಂದಿನಿಂದ ದ್ಯಾವಪ್ಪ ಎದ್ದು ನಿಂತ. "ಸಾಹೇಬ್ರ, ಒಂದು ಸವಾಲ್ ಐತ್ರಿ. ಈಕಿ ನನ್ನ ಕಟ್ಟಿದ್ರ ನಡೀತೈತೇನ್ರಿ?"

"ಪ್ರಾಣಿ ಕಟ್ಟಬಾರ್ದು ಅಂದ್ರಲ್ಲೋ, ಕೇಳಿಲ್ಲೇನು?" ಎಂದಳು ಹನುಮವ್ವ.

ಇಡೀ ಓಣಿ ನಕ್ಕಿತು. ನಾನೂ ನಕ್ಕೆ. ಕಾಗದ ಮಡಿಸಿ, ಕಣ್ಣು ಒರೆಸಿಕೊಂಡು, ಮತ್ತೆ ಕಾಗದ ಬಿಚ್ಚಿದೆ. ಪಕ್ಕದಲ್ಲಿ ನಿಂತಿದ್ದ ಖಾದರ್ ಸೂರ್ಯನ ಕಡೆ ನೋಡುತ್ತ, "ಜಲ್ದಿ ಮುಗಸ್ರಿ ಸಾಹೇಬ್ರ, ನನಗ ನಮಾಜಿಗೆ ಹೊತ್ತಾತು" ಎಂದ. ಬಿಚ್ಚಿದ ಕಾಗದದಲ್ಲಿ ನನ್ನ ಕಣ್ಣು ಎಲ್ಲಿ ಬಿತ್ತು? ಏಳಕ್ಕೋ, ಎಂಟಕ್ಕೋ? ಎಂಟನೆಯದನ್ನು ಹೇಳಿದ್ದು ನೆನಪಿದೆ: ಗುಂಡಿಯನ್ನು ತಾವಾಗಿ ಬಿಚ್ಚಕೂಡದು. ಏಳನೆಯದು ಇದು: ಗುಂಡಿಗೂ ಅದರ ಸುತ್ತಲಿನ ಗೋಡೆಗೂ ನೀರು ತಾಗಿಸಕೂಡದು. ಇದನ್ನು ಹೇಳಿದಾಗ ಒಬ್ಬ ಮುದುಕಿ ತಲೆಯಾಡಿಸಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ಮುದುಕಿ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು, ವಯಸ್ಸಿನ ನಡುಕ. ಅದೂ ಅಲ್ಲದೆ, ಆ ಮುದುಕಿಯ ತಲೆ ನನ್ನ ನೆನಪಿಗೆ ಬಂದದ್ದು ಆ ದಿನವೇ ಅಲ್ಲ, ವಿಚಾರಣೆ ಮುಗಿದ ಮೇಲೆ. ಬೇಕಾದಾಗ ಬೇಕಾದ್ದನ್ನು ತಂದುಕೊಡುವ ನೆನಪಿಗೆ ನಮ್ಮ ಮಾಸ್ತರರು ಏನನ್ನುತ್ತಿದ್ದರೋ.

ದೀಪ ಬಂದವು. ಮೊದಲ ಸಂಜೆ ಓಣಿಯ ಜನ ಒಳಗೆ ಕೂರಲಿಲ್ಲ, ಎಲ್ಲರೂ ಹೊರಗೆ ನಿಂತು ತಮ್ಮ ತಮ್ಮ ಮನೆಯ ಬಾಗಿಲನ್ನು ಪರರ ಮನೆಯನ್ನು ನೋಡುವಂತೆ ನೋಡಿದರು. ಹನುಮವ್ವ ತನ್ನ ಕಾಗದವನ್ನು ಬಿದಿರಿನ ಕೊಳವೆಯೊಳಗೆ ಸುರುಳಿ ಸುತ್ತಿಟ್ಟು ಮಾಡಿಗೆ ಸಿಕ್ಕಿಸಿದಳು. ಯಾರು ಹೋದರೂ ತೆಗೆದು ತೋರಿಸುವಳು. "ನನ್ನ ಹೆಸರು ಯಾವುದ್ರಿ ಇದರಾಗ?" ಎಂದು ನನ್ನನ್ನೂ ಕೇಳಿದಳು. ಬೆರಳಿಟ್ಟು ತೋರಿಸಿದೆ. ಆ ಅಕ್ಷರಗಳನ್ನು ಅವಳು ಉಗುರಿನಿಂದ ಮೆಲ್ಲಗೆ ಮುಟ್ಟಿದಳು. ದ್ಯಾವಪ್ಪ ಮಾತ್ರ ಗೊಣಗುತ್ತಿದ್ದ: "ಗುಂಡಿ ಒತ್ತಿದ್ರ ಬರತೈತಿ, ಮತ್ತ ಒತ್ತಿದ್ರ ಹೋಗತೈತಿ. ಇದರಾಗ ಗಂಡಸರ ಕೆಲಸ ಏನೈತ್ರಿ?"

ಯುಗಾದಿ ಬಂತು. ನಮ್ಮ ಕಡೆ ಹಬ್ಬವೆಂದರೆ ಮನೆ ಸಾರಿಸಬೇಕು, ಗೋಡೆಗೆ ಕೆಮ್ಮಣ್ಣು ಬಳಿಯಬೇಕು, ಮನೆಯ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ಬಂಗಾರ ಮಾಡಬೇಕು. ಹಬ್ಬದ ದಿನ ಹಿತ್ತಾಳೆ ಮಂಕಾಗಿದ್ದರೆ ಆ ಮನೆಯ ಹೆಂಗಸಿಗೆ ಓಣಿಯಲ್ಲಿ ಮುಖವಿಲ್ಲ. ಹನುಮವ್ವನ ಮನೆಯಲ್ಲಿ ಅಲ್ಲಿಯವರೆಗೆ ಹಿತ್ತಾಳೆ ಎಂದು ಇದ್ದದ್ದು ಒಂದು ತಂಬಿಗೆ. ಆ ವರ್ಷ ಎರಡಾಗಿದ್ದವು: ತಂಬಿಗೆ ಮತ್ತು ದೀಪದ ಗುಂಡಿ.

ಹಗಲು ತಂತಿಯಲ್ಲಿ ಏನೂ ಇರುವುದಿಲ್ಲ ಎಂದು ಓಣಿಯ ಮಕ್ಕಳಿಗೂ ಗೊತ್ತಿತ್ತು. ಕೊಕ್ಕೆಯ ಕಾಲದಲ್ಲಿ, ಕೊಕ್ಕೆಯಿಂದ ಮನೆಗೆ ಇಳಿದ ತಂತಿಯ ಮೇಲೆ ಹಗಲಿನಲ್ಲಿ ಸೀರೆ ಒಣಹಾಕುತ್ತಿದ್ದರು. ಹಬ್ಬದ ಹಿಂದಿನ ಮಧ್ಯಾಹ್ನ ಅವಳು ಗೋಡೆ ಬಳಿದಳು. ಗುಂಡಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ತಿಕ್ಕಿದ್ದನ್ನು ತೊಳೆಯದೆ ಬಿಡುವ ಹೆಂಗಸು ನಮ್ಮ ಸೀಮೆಯಲ್ಲಿಲ್ಲ. ಅದೇ ತಂಬಿಗೆಯಿಂದ ನೀರು ಹೊಯ್ದಳು. ಅರಿಸಿನ ಕುಂಕುಮ ಹಚ್ಚಿದಳು. ಸಂಜೆ ಗಿರಣಿಯಲ್ಲಿ ಪಟ್ಟೆ ಬದಲಾಯಿತು, ತಂತಿಗೆ ಕರೆಂಟು ಬಂತು. ದ್ಯಾವಪ್ಪ ಸ್ನಾನ ಮಾಡಿ, ಒದ್ದೆ ಮೈಯಲ್ಲೇ ಒಳಗೆ ಬಂದು, ಹಸಿ ನೆಲದ ಮೇಲೆ ನಿಂತು, ಹಸಿ ಗೋಡೆಗೆ ಒಂದು ಕೈ ಊರಿ, ಇನ್ನೊಂದು ಕೈಯಿಂದ ಗುಂಡಿ ಒತ್ತಿದ.

ನಾವು ಓಡಿಹೋದಾಗ ಅವನನ್ನು ಹೊರಗೆ ಮಲಗಿಸಿದ್ದರು. ಕಳ್ಳ ತಂತಿಯನ್ನು ನಾಲ್ಕು ವರ್ಷ ಬೆತ್ತಲೆ ಕೈಯಲ್ಲಿ ಆಡಿಸಿದವನು. ಖಾದರ್ ಗುಂಡಿ ಬಿಚ್ಚಿದ. ಒಳಗಿನ ಪಿಂಗಾಣಿ ಬಟ್ಟಲಲ್ಲಿ ನೀರು ನಿಂತಿತ್ತು. ಅದನ್ನು ಮೂಗಿನ ಹತ್ತಿರ ಹಿಡಿದು, "ಹುಣಸಿಹಣ್ಣು" ಎಂದ. ಆಮೇಲೆ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅತ್ತ.

ಹನುಮವ್ವ ಅಳುತ್ತಿರಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಕೆಮ್ಮಣ್ಣು ಇನ್ನೂ ಉಗುರಲ್ಲಿತ್ತು.

ವಿಚಾರಣೆಗೆ ಮೇಲಿನಿಂದ ಒಬ್ಬ ಅಧಿಕಾರಿ ಬರುತ್ತಾರೆಂದು ಸುದ್ದಿಯಾಯಿತು. ಹಿಂದಿನ ದಿನ ನಮ್ಮ ದೊಡ್ಡ ಮುನ್ಷಿ ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು. ಕೆಟ್ಟ ಮನುಷ್ಯರಲ್ಲ. ತಾಂಬೂಲ ಅಗಿಯುತ್ತ ನಿಧಾನವಾಗಿ ಲೆಕ್ಕ ಬಿಡಿಸಿಟ್ಟರು.

"ಅವರು ಕೇಳೂದು ಒಂದ ಮಾತು. ನೀರಿನ ಷರತ್ತು ಇವರಿಗೆ ಹೇಳಿದ್ರೋ ಇಲ್ಲೋ? ಹೇಳಿಲ್ಲ ಅಂದ್ರ ತಪ್ಪು ದಫ್ತರದ್ದು. ದೀಪ ಉಳೀತಾವು, ಇನ್ನೊಂದು ಸಲ ಓದಿ ಹೇಳ್ತಾರ, ನೀವು ಮನಿಗೆ ಹೋಗ್ತೀರಿ. ಹೇಳೀನಿ ಅಂದ್ರ ತಪ್ಪು ಓಣಿಯವರದು. ತಿಳಿಸಿ ಹೇಳಿದ್ರೂ ತಿಳಿಯದ ಮಂದಿಗೆ ಕರೆಂಟು ಯಾಕ ಅಂತ ದೀಪ ಕೀಳ್ತಾರ, ನೀವು ಉಳೀತೀರಿ. ಕಲತವ್ರು ಅದೀರಿ, ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಮನೆಯಲ್ಲಿ ದುಡಿಯುವವನು ನಾನೊಬ್ಬನೇ ಎಂದು ಇಲ್ಲಿ ಬರೆದರೆ ನಿಮಗೆ ಕನಿಕರ ಬಂದೀತು. ಅದು ನಿಜವೂ ಹೌದು. ಆದರೆ ಆ ರಾತ್ರಿ ನನ್ನ ತಲೆಯಲ್ಲಿ ಮನೆಯವರು ಇರಲಿಲ್ಲ. ಆ ಕುರ್ಚಿ ಇತ್ತು. ಓಣಿಗೆ ಹೋದರೆ ಜನ ಎದ್ದು ನಿಲ್ಲುವುದು, ನನ್ನ ಉರ್ದುವನ್ನು ತಾಲ್ಲೂಕಿನವರು ಹೊಗಳುವುದು, ಇವು ಇದ್ದವು. ಅದಕ್ಕಿಂತ ಹೆಚ್ಚಾಗಿ, ನಾನು ಓದು ಬಲ್ಲವನು, ಓದುವಾಗ ಒಂದು ಸಾಲು ಬಿಟ್ಟೆ ಎಂದು ಒಪ್ಪಿಕೊಳ್ಳುವುದು ಹೇಗೆ? ಗೊತ್ತಿಲ್ಲ ಎಂದು ಹೇಳಬಹುದಿತ್ತು. ಅದೊಂದೇ ನಿಜವಾದ ಉತ್ತರವಾಗಿತ್ತು. ಫೀಸು ಕಟ್ಟಿ ಕಲಿತ ಆ ಒಂದು ಮಾತು ಬೇಕಾದ ದಿನ ಬಾಯಿಗೆ ಬರಲಿಲ್ಲ.

ಮರುದಿನ ಗಿರಣಿಯ ಅಂಗಳದಲ್ಲಿ ಮೇಜು ಹಾಕಿದ್ದರು. ಒಂದು ಕಡೆ ನಾವು, ಇನ್ನೊಂದು ಕಡೆ ಓಣಿಯವರು. ಅಧಿಕಾರಿ ಸಭ್ಯರು, ದನಿ ಏರಿಸುವವರಲ್ಲ. ನನ್ನನ್ನು ಉರ್ದುವಿನಲ್ಲಿ ಕೇಳಿದರು. "ಓದಿದೆ, ತಿಳಿಸಿ ಹೇಳಿದೆ" ಎಂದೆ. ನನ್ನ ದನಿ ಸ್ವಲ್ಪವೂ ನಡುಗಲಿಲ್ಲ. ಹೇಳುತ್ತಿದ್ದಂತೆ ಅದು ನಿಜವೆಂದೇ ಅನ್ನಿಸಿತು.

ಖಾದರನನ್ನು ಕೇಳಿದರು. "ನಾನು ಸೂರ್ಯನ್ನ ನೋಡಾಕತ್ತಿದ್ದೆ, ಹುಜೂರ್. ನಮಾಜಿನ ಮ್ಯಾಲೆ ಗ್ಯಾನ ಇತ್ತು. ಕೇಳಿಲ್ಲ" ಎಂದ. ಓಣಿಯವರಲ್ಲಿ ಕೆಲವರು ಹೇಳಿದಂಗಿತ್ತು ಎಂದರು, ಕೆಲವರು ಇಲ್ಲ ಎಂದರು, ಬಹಳ ಜನ ನೆಲ ನೋಡಿದರು. ಅಧಿಕಾರಿ ಪೆನ್ನು ಕೆಳಗಿಟ್ಟು, ಸತ್ತವನ ಹೆಂಡತಿಯನ್ನು ಕರೆಯಿರಿ ಎಂದರು. ಅವಳ ಮಾತಿನ ಮೇಲೆ ಎಲ್ಲವೂ ನಿಂತಿತು.

ಹನುಮವ್ವ ಬಂದು ನಿಂತಳು. ಪ್ರಶ್ನೆಯನ್ನು ಅವಳಿಗೆ ಕನ್ನಡದಲ್ಲಿ ಕೇಳಬೇಕಿತ್ತು. ಕೇಳುವ ಕೆಲಸ ನನಗೇ ಬಂತು. ಬೇರೆ ಯಾರಿದ್ದರು? ದಫ್ತರದಲ್ಲಿ ಎರಡೂ ಭಾಷೆ ಚೆನ್ನಾಗಿ ಬಲ್ಲವನು ನಾನೇ.

"ಗುಂಡಿಗೆ ನೀರು ತಾಗಿಸಬಾರದು ಅಂತ ನಾನು ನಿಮಗೆಲ್ಲ ಹೇಳಿದ್ನೋ ಇಲ್ಲೋ, ಹನುಮವ್ವ? ಸಾಹೇಬ್ರು ಕೇಳ್ತಾರ."

ಅವಳು ನನ್ನ ಮುಖ ನೋಡಿದಳು. ಬಹಳ ಹೊತ್ತಲ್ಲ. ರೊಟ್ಟಿ ಬೆಂದಿದೆಯೋ ಇಲ್ಲವೋ ಎಂದು ನೋಡುವಷ್ಟು ಹೊತ್ತು.

"ಹೇಳಿದ್ರಿ," ಎಂದಳು. "ಇವರು ಹೇಳಿದ್ರು. ನಾನ ಮರತೆ."

ಹಿಂದಿನಿಂದ ಯಾರೋ ಹೆಂಗಸು ಚೀರಿದಳು: "ಏ ಹನುಮೀ, ಯಾವಾಗ ಹೇಳ್ಯಾರಬೇ? ಗಂಡನ್ನ ನೀನ ಕೊಂದಿ ಅಂತ ಬರಸಾಕತ್ತೀಯಲ್ಲ!"

ಹನುಮವ್ವ ತಿರುಗಿ ನೋಡಲಿಲ್ಲ. ನಾನು ಅವಳ ಮಾತನ್ನು ಉರ್ದುವಿಗೆ ತಿರುಗಿಸಿದೆ. ಚೆನ್ನಾಗಿಯೇ ತಿರುಗಿಸಿದೆ. ಹಿಂದಿನಿಂದ ಬಂದ ಮಾತನ್ನು ತಿರುಗಿಸಲಿಲ್ಲ. ಅದನ್ನು ತಿರುಗಿಸೆಂದು ಯಾರೂ ನನ್ನನ್ನು ಕೇಳಿರಲಿಲ್ಲ.

ಅವಳ ಆ ಒಂದು ಮಾತಿಗೆ ನಲವತ್ತು ದೀಪಗಳೂ ಅವುಗಳ ಕಾಗದಗಳೂ ಹೋಗುತ್ತವೆ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಇದರಲ್ಲಿ ಮಾತ್ರ ನನಗೆ ಯಾವ ಸಂಶಯವೂ ಇಲ್ಲ.

ಮೂರು ದಿನದಲ್ಲಿ ಖಾದರ್ ಮನೆಮನೆಗೂ ಹೋಗಿ ಗುಂಡಿಗಳನ್ನು ಬಿಚ್ಚಿ ಬುಟ್ಟಿಯಲ್ಲಿ ತಂದು ನನ್ನ ಮೇಜಿನ ಮೇಲೆ ಇಟ್ಟ. ಕಾಗದಗಳನ್ನು ನಾನೇ ವಾಪಸು ಇಸಿದುಕೊಂಡೆ, ಮೇಲೆ ಅಡ್ಡಗೆರೆ ಎಳೆದೆ. ಅಂದಿನಿಂದ ಖಾದರ್ ನನ್ನ ಜೊತೆ ಕನ್ನಡದಲ್ಲಿ ಮಾತಾಡಲಿಲ್ಲ. ಬಹಳ ಮರ್ಯಾದೆಯ ಉರ್ದುವಿನಲ್ಲಿ, ಹೊಸ ಅಧಿಕಾರಿಯನ್ನು ಮಾತಾಡಿಸಿದಂತೆ ಮಾತಾಡಿಸುತ್ತಿದ್ದ. ನಾನು ಕನ್ನಡದಲ್ಲಿ ಕೇಳಿದರೂ ಉರ್ದುವಿನಲ್ಲೇ ಉತ್ತರ. ಕೊಕ್ಕೆಗಳು ಮತ್ತೆ ಬಂದವು. ಅದೇ ನೆಪವಾಗಿ, ಮಳೆಗಾಲಕ್ಕೆ ಮುಂಚೆ ಓಣಿಯನ್ನು ಎಬ್ಬಿಸಿದರು. ಯಾರ ಹತ್ತಿರವೂ ತೋರಿಸಲು ಏನೂ ಇರಲಿಲ್ಲ. ಹೋಗುವಾಗ ಹೆಂಗಸರು ಹನುಮವ್ವನ ಗುಡಿಸಲಿನ ಮುಂದೆ ಮಣ್ಣು ತೂರಿ ಹೋದರಂತೆ. ನನ್ನ ಮನೆಯ ಮುಂದೆ ಯಾರೂ ತೂರಲಿಲ್ಲ. ನನಗೆ ನಮಸ್ಕಾರ ಮಾಡಿ ಹೋದರು.

ಎರಡು ವರ್ಷದ ಮೇಲೆ ಮಸ್ಕಿಯ ಸಂತೆಯಲ್ಲಿ ಅವಳನ್ನು ಕಂಡೆ. ನೆಲದ ಮೇಲೆ ಗೋಣಿ ಹಾಸಿ ಪುಂಡಿಪಲ್ಯ ಮಾರುತ್ತಿದ್ದಳು. ಗುರುತು ಹಿಡಿದು ಎದ್ದು ನಿಂತಳು. ನಾನು ಅವಳು ಎಲ್ಲಿದ್ದಾಳೆಂದು ಕೇಳಲಿಲ್ಲ. ಹೇಗಿದ್ದಾಳೆಂದೂ ಕೇಳಲಿಲ್ಲ. ಎರಡು ವರ್ಷದಿಂದ ಕೇಳಬೇಕೆಂದಿದ್ದದ್ದು ಒಂದೇ.

"ಹನುಮವ್ವ, ಖರೆ ಹೇಳು. ಆ ದಿವಸ ನಾನು ಅದನ್ನ ಓದಿದ್ನೇನು?"

ಅವಳು ಪಲ್ಯದ ಮೇಲೆ ನೀರು ಚಿಮುಕಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನಿಮಗ ನೆನಪಿಲ್ಲೇನ್ರಿ?"

"ಇಲ್ಲ."

"ನನಗೂ ನೆನಪಿಲ್ಲರಿ," ಎಂದಳು. "ಅವತ್ತ ಅಂವ ನಗಿಸಿದ್ದ. ಅದಷ್ಟ ನೆನಪೈತಿ."

"ಮತ್ತ ಹೇಳಿದ್ರು ಅಂತ ಯಾಕ ಅಂದಿ?"

ಗಿರಾಕಿಯೊಬ್ಬಳು ಬಂದು ಪಲ್ಯ ಮುಟ್ಟಿ ನೋಡಿ ಮುಂದೆ ಹೋದಳು.

"ನೀರು ಹಾಕಿದಾಕಿ ನಾನ. ನೀವು ಹೇಳಿದ್ರೂ ನಾನ, ಹೇಳದಿದ್ರೂ ನಾನ. ನನಗಂತೂ ಇನ್ನ ನಿದ್ದಿ ಇಲ್ಲ ಅಂತ ಗೊತ್ತಾಗಿತ್ತು. ನಿಮ್ಮ ಮಾರಿ ನೋಡಿದೆ, ಇಬ್ಬರೊಳಗ ಒಬ್ಬರರ ಮಲಗಲಿ ಅನಿಸ್ತು. ಹೇಳಿದ್ರಿ ಅಂತನ ಇಟ್ಕೋರಿ, ಸಾಹೇಬ್ರ."

ಒಂದು ಸಿವುಡು ಪುಂಡಿಪಲ್ಯ ನನ್ನ ಕೈಗಿಟ್ಟಳು. ನಾನು ತೆಗೆದುಕೊಂಡು ಮನೆಗೆ ಬಂದೆ. ಆ ರಾತ್ರಿ ಉಂಡು ಮಲಗಿದವನಿಗೆ ನಿದ್ದೆ ಬಂತು, ಒಳ್ಳೆಯ ನಿದ್ದೆ. ನನ್ನ ನೆನಪುಗಳಲ್ಲಿ ನಾನು ಆಣೆ ಮಾಡಿ ಹೇಳಬಲ್ಲದ್ದು ಅದೊಂದೇ.